30 ಜನ ಬಳಸುವ ಟೈಮ್‌-ಶೇರಿಂಗ್ ಕಂಪ್ಯೂಟರಿನಲ್ಲಿ ಕಾಯುವ ಸಮಯ ಅನಂತ ಅಂತ ಯಾಕೆ ಬರುತ್ತದೆ?

ಟೈಮ್-ಶೇರಿಂಗ್ ಅಂದರೆ ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಹಂಚಿಕೊಂಡು ಬಳಸುವುದು. ನಿಮ್ಮ ಲೆಕ್ಕ ಹೀಗಿದೆ: 30 ಜನ, ತಲಾ 30 ಸೆಕೆಂಡಿಗೊಂದು ಕಮಾಂಡ್, ಪ್ರತಿ ಕಮಾಂಡಿಗೆ 1 ಸೆಕೆಂಡ್ ಸಿಪಿಯು. ಸಾಮಾನ್ಯ ಕ್ಯೂ ಸೂತ್ರಕ್ಕೆ ಹಾಕಿದರೆ ಸಿಪಿಯು 100% ಭರ್ತಿ, ಕಾಯುವ ಸಮಯ ಅನಂತ.

ಗುಣಾಕಾರ ಸರಿಯಾಗಿದೆ, ಸೂತ್ರ ಮಾತ್ರ ಇಲ್ಲಿಗೆ ಸೇರಿದ್ದಲ್ಲ. ಅದರಲ್ಲಿ ಎಷ್ಟೇ ಜನ ಕಾಯುತ್ತಿದ್ದರೂ ಹೊಸ ಕೆಲಸ ಬರುತ್ತಲೇ ಇರುತ್ತದೆ. ಟರ್ಮಿನಲ್ ಮುಂದೆ ಕೂತವರು ಉತ್ತರ ಬರುವ ತನಕ ಮುಂದಿನ ಕಮಾಂಡ್ ಕೊಡುವುದಿಲ್ಲ, ಅಲ್ವಾ? ಕ್ಯೂ ಬೆಳೆದಷ್ಟೂ ಹೊಸ ಕಮಾಂಡ್ ಕಡಿಮೆಯಾಗುತ್ತವೆ.

ಇದನ್ನು ಸೊಗಸಾಗಿ ತೋರಿಸಿದವರು ಎಂಐಟಿಯ ಅಲನ್ ಶೆರ್. ಅಲ್ಲಿನ ಸಿಟಿಎಸ್‌ಎಸ್ ಎಂಬ ಟೈಮ್-ಶೇರಿಂಗ್ ವ್ಯವಸ್ಥೆಯನ್ನು ಅಳೆದು 1965ರಲ್ಲಿ ಪಿಎಚ್‌ಡಿ ಪ್ರಬಂಧ ಬರೆದರು. ಕಾರ್ಖಾನೆಯ ಕೆಟ್ಟ ಯಂತ್ರಗಳನ್ನು ಒಬ್ಬನೇ ಮೆಕ್ಯಾನಿಕ್ ರಿಪೇರಿ ಮಾಡುವ ಹಳೆಯ ಮಾದರಿಯನ್ನು ಅವರು ತೆಗೆದುಕೊಂಡರು. ಬಳಕೆದಾರ ಯೋಚಿಸುವ ಹೊತ್ತು ಅಂದರೆ ಯಂತ್ರ ಓಡುತ್ತಿರುವ ಹೊತ್ತು. ಕಮಾಂಡ್ ಕೊಟ್ಟು ಕಾಯುವ ಹೊತ್ತು ಅಂದರೆ ಯಂತ್ರ ಕೆಟ್ಟು ನಿಂತ ಹೊತ್ತು. ಸಿಪಿಯುವೇ ಮೆಕ್ಯಾನಿಕ್. ಶೆಡ್ಯೂಲಿಂಗಿನ (ಯಾರ ಕಮಾಂಡಿಗೆ ಯಾವಾಗ ಸಿಪಿಯು ಕೊಡಬೇಕು ಅನ್ನುವುದರ) ವಿವರ ಬಿಟ್ಟರೂ ಉತ್ತರ ನಿಜವಾದ ಅಳತೆಗೆ ಚೆನ್ನಾಗಿ ಹೊಂದಿತು. ನನಗೆ ಇವತ್ತಿಗೂ ಇದು ಬಹಳ ಇಷ್ಟದ ಫಲಿತಾಂಶ.

ನಿಮ್ಮ ಅಂಕಿಗಳನ್ನೇ ಇದಕ್ಕೆ ಹಾಕಿ. 30 ಸೆಕೆಂಡನ್ನು ಯೋಚನೆಯ ಸರಾಸರಿ ಅಂತ ಹಿಡಿಯಿರಿ. ಯೋಚನೆಯ ಸಮಯ, ಸಿಪಿಯು ಸಮಯ ಎರಡೂ ಎಕ್ಸ್‌ಪೊನೆನ್ಷಿಯಲ್ (ಹೆಚ್ಚಿನವು ಚಿಕ್ಕವು, ಕೆಲವು ಮಾತ್ರ ಬಹಳ ಉದ್ದ) ಅಂದುಕೊಂಡರೆ ಸಿಪಿಯು ಸುಮಾರು 87% ಹೊತ್ತು ಕೆಲಸದಲ್ಲಿರುತ್ತದೆ, ಉತ್ತರಕ್ಕೆ ಸರಾಸರಿ 4.6 ಸೆಕೆಂಡ್ ಹಿಡಿಯುತ್ತದೆ. ಅನಂತ ಎಲ್ಲಿ, 4.6 ಎಲ್ಲಿ!

ನೆನಪಿಡಬೇಕಾದ ಸೂತ್ರ ಒಂದೇ: ಉತ್ತರದ ಸಮಯ = ಜನರ ಸಂಖ್ಯೆ ÷ ಸೆಕೆಂಡಿಗೆ ಮುಗಿಯುವ ಕಮಾಂಡ್‌ಗಳು − ಯೋಚನೆಯ ಸಮಯ. ಸಿಪಿಯು ಪೂರ್ತಿ ಭರ್ತಿಯಾದ ಮೇಲೆ ಸೆಕೆಂಡಿಗೆ 1 ಕಮಾಂಡಿಗಿಂತ ಜಾಸ್ತಿ ಮುಗಿಯುವುದಿಲ್ಲ. ಹಾಗಾಗಿ 60 ಜನರಿಗೆ 60 − 30, ಅಂದರೆ 30 ಸೆಕೆಂಡ್. ಕಾಯುವಿಕೆ ಜೋರಾಗಿ ಏರತೊಡಗುವ ತಿರುವು ಇರುವುದು (30 + 1) ÷ 1 = 31 ಜನರ ಆಸುಪಾಸಿನಲ್ಲಿ. ಅದನ್ನು ಚೆನ್ನಾಗಿ ದಾಟಿದ ಮೇಲೆ ಬರುವ ಪ್ರತಿಯೊಬ್ಬರೂ ಎಲ್ಲರ ಕಾಯುವಿಕೆಗೆ 1 ಸೆಕೆಂಡ್ ಸೇರಿಸುತ್ತಾರೆ.

ಒಂದು ಎಚ್ಚರಿಕೆ. ಜನ ಜಾಸ್ತಿಯಾದಂತೆ ಮೆಮೊರಿ ಸಾಲದೆ ಸ್ವಾಪಿಂಗ್ (ಮೆಮೊರಿ ಮತ್ತು ಡಿಸ್ಕ್ ನಡುವೆ ಡೇಟಾ ಅತ್ತಿತ್ತ ಸಾಗಿಸುವುದು) ಶುರುವಾದರೆ ಆ 1 ಸೆಕೆಂಡೇ ಬೆಳೆಯುತ್ತದೆ. ಆಗ ಈ ಸರಳ ಮಾದರಿ ಸಾಲದು.

ಲೋಡ್ ಟೆಸ್ಟ್ (ಕೃತಕ ಬಳಕೆದಾರರನ್ನು ಬಿಟ್ಟು ಯಂತ್ರ ಎಷ್ಟು ತಾಳುತ್ತದೆ ಅಂತ ನೋಡುವುದು) ಮಾಡುವಾಗಲೂ ಯೋಚನೆಯ ಸಮಯವನ್ನು ಸುಮ್ನೆ ಸೊನ್ನೆ ಅಂತ ಇಡಬೇಡಿ. ಹಾಗೆ ಇಟ್ಟರೆ ಇದೇ ಯಂತ್ರದಲ್ಲಿ 30 ಜನರಿಗೆ 30 ಸೆಕೆಂಡ್ ಅಂತ ಬರುತ್ತದೆ, ನೀವು ಸುಖಾಸುಮ್ಮನೆ ದೊಡ್ಡ ಸರ್ವರ್ ಕೊಳ್ಳುತ್ತೀರಿ. ಮೊದಲು ಲಾಗ್ ನೋಡಿ, ಒಂದು ಉತ್ತರ ಹೋದ ಮೇಲೆ ಅದೇ ಬಳಕೆದಾರರ ಮುಂದಿನ ಕಮಾಂಡ್ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಅಳೆಯಿರಿ.