ಮಾತ್ರೆ ಬಿಟ್ಟ ಮರುದಿನವೇ ಮೈಯೆಲ್ಲ ಮುರಿದ ಹಾಗೆ, ಏನು ಮಾಡಲಿ ಡಾಕ್ಟ್ರೇ?

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ, ಟೈಲ್ಸ್ ಹಾಕುವ ಕೆಲಸ. ಎರಡು ವರ್ಷದ ಹಿಂದೆ ಸೊಂಟದ ಡಿಸ್ಕ್ ಜಾರಿತು. ಆಗ ಟ್ರಮಡಾಲ್ 50 ಎಂಜಿ ಕ್ಯಾಪ್ಸೂಲ್ ದಿನಕ್ಕೆ ಎರಡು ಬರೆದುಕೊಟ್ಟರು. ನೋವು ಮಂಗಮಾಯ. ಬರುಬರುತ್ತಾ ಎರಡು ಸಾಲದೆ ಹೋಯಿತು, ಈಗ ದಿನಕ್ಕೆ ಆರು ನುಂಗುತ್ತೇನೆ. ಹಳೇ ಚೀಟಿ ತೋರಿಸಿದರೆ ಮೆಡಿಕಲ್ ಶಾಪಿನಲ್ಲಿ ಕೊಡುತ್ತಾರೆ. ಯುಗಾದಿ ಮುಗಿದ ಮೇಲೆ ಬಿಟ್ಟೇ ಬಿಡಬೇಕು ಅಂತ ಒಂದೇ ಸಲ ನಿಲ್ಲಿಸಿದೆ. ಮರುದಿನ ಸಂಜೆಗೇ ಮೂಗು ಸೋರಲು ಶುರು, ಆಕಳಿಕೆ ಮೇಲೆ ಆಕಳಿಕೆ, ಬೆವರು, ಚಳಿ, ಬೇಧಿ. ರಾತ್ರಿ ಕಾಲು ಇಟ್ಟಲ್ಲಿ ನಿಲ್ಲುವುದಿಲ್ಲ. ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಝುಂ ಅನ್ನುತ್ತಿತ್ತು. ಮೂರನೇ ದಿನ ತಡೆಯಲಾಗದೆ ಮತ್ತೆ ನುಂಗಿದೆ, ಗಂಟೆಯೊಳಗೆ ಎಲ್ಲ ತಣ್ಣಗಾಯಿತು. ‘ನಿಮಗಿಂತ ಕುಡಿಯೋರೇ ವಾಸಿ’ ಅಂತ ಹೆಂಡತಿ ಅಳುತ್ತಾಳೆ. ನಾನು ಚಟಗಾರನೇ? ಇದರಿಂದ ಹೊರಗೆ ಬರಲು ಆಗುತ್ತದೆಯೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಆಗುತ್ತದೆ. ಆದರೆ ಒಂದೇ ಸಲ ನಿಲ್ಲಿಸುವ ದಾರಿಯಲ್ಲಿ ಅಲ್ಲ. ಇದನ್ನು ಓದಿದ ಹುಮ್ಮಸ್ಸಿನಲ್ಲಿ ನಾಳೆಯೇ ಮತ್ತೆ ಎಲ್ಲ ಬಿಟ್ಟುಬಿಡಬೇಡಿ. ಆರು ಅಂದರೆ 300 ಎಂಜಿ, ದಿನಕ್ಕೆ 400 ದಾಟಲೇಬಾರದು. ಪ್ರಮಾಣ ಏರಿದಷ್ಟೂ ಫಿಟ್ಸ್ ಬರುವ ಅಪಾಯ ಜಾಸ್ತಿ, ಕೆಲವರಿಗೆ ಮಿತಿಯೊಳಗೇ ಬಂದದ್ದೂ ಉಂಟು. ಡಾಕ್ಟರನ್ನು ನೋಡುವವರೆಗೆ ಏರಿಸಲೂ ಬೇಡಿ, ಗಕ್ಕನೆ ನಿಲ್ಲಿಸಲೂ ಬೇಡಿ. ಆದರೆ ಈ ವಾರವೇ ನೋಡಿ.

ನಿಮಗೆ ಆದದ್ದು ಮನಸ್ಸಿನ ದೌರ್ಬಲ್ಯ ಅಲ್ಲ. ಟ್ರಮಡಾಲ್ ಅಫೀಮಿನ ಜಾತಿಗೆ ಸೇರಿದ ಔಷಧ, ಕಾರ್ಖಾನೆಯಲ್ಲಿ ತಯಾರಾಗುತ್ತದೆ ಅಷ್ಟೇ. ಅದು ನೋವಿನ ಜೊತೆಗೆ ಮೈಯ ಇನ್ನೂ ಹಲವು ಕೆಲಸಗಳನ್ನು ನಿಧಾನ ಮಾಡುತ್ತದೆ. ಮಾತ್ರೆ ತಗೊಳ್ಳುವ ದಿನಗಳಲ್ಲಿ ನಿಮಗೆ ಮಲಬದ್ಧತೆ ಇತ್ತು, ಅಲ್ವಾ? ಕರುಳು ನಿಧಾನವಾಗಿದ್ದಕ್ಕೆ ಹಾಗೆ. ದಿನಾ ಹೀಗೇ ಆಗುತ್ತಿದ್ದರೆ ಮಿದುಳು ಅದನ್ನು ಸರಿದೂಗಿಸಲು ಇನ್ನೊಂದು ಕಡೆಯಿಂದ ಜೋರಾಗಿ ಕೆಲಸ ಮಾಡಲು ಶುರು ಮಾಡುತ್ತದೆ. ಮಾತ್ರೆ ಇಲ್ಲದ ದಿನ ಆ ಜೋರು ಮಾತ್ರ ಉಳಿಯುತ್ತದೆ, ಅದಕ್ಕೇ ಬೇಧಿ, ಬೆವರು, ಎದೆ ಡವಡವ, ಕಣ್ಣಲ್ಲಿ ನೀರು, ಮೈಮೇಲೆ ಮುಳ್ಳೆದ್ದ ಹಾಗೆ ರೋಮ ನಿಲ್ಲುವುದು. ಸಾಮಾನ್ಯವಾಗಿ ಕೊನೆಯ ಮಾತ್ರೆಯಿಂದ ಒಂದು ದಿನದೊಳಗೆ ಶುರುವಾಗಿ, ಎರಡು-ಮೂರನೇ ದಿನ ತೀರಾ ಜೋರಾಗಿ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ನೀವು ಸೋತದ್ದು ಅತಿ ಕಷ್ಟದ ದಿನ. ಅಲ್ಲಿ ಬಹಳ ಜನ ಸೋಲುತ್ತಾರೆ.

ತಲೆಯೊಳಗಿನ ಆ ಕರೆಂಟಿನ ವಿಷಯ ಬೇರೆ. ಟ್ರಮಡಾಲ್ ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳ ಹಾಗೆಯೂ ಕೆಲಸ ಮಾಡುತ್ತದೆ. ಅದನ್ನು ಗಕ್ಕನೆ ನಿಲ್ಲಿಸಿದಾಗ ಕೆಲವರಿಗೆ ಕರೆಂಟ್ ಹೊಡೆದಂತೆ ಆಗುವುದು, ವಿಪರೀತ ಗಾಬರಿ, ಅಪರೂಪಕ್ಕೆ ಇಲ್ಲದ್ದು ಕಂಡಂತೆ ಕೇಳಿದಂತೆ ಆಗುವುದೂ ಇದೆ. ತಲೆ ಕೆಟ್ಟಿತು ಅಂದುಕೊಳ್ಳಬೇಡಿ, ಆದರೆ ಇದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಬೇರೆ ಯಾವುದಾದರೂ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೇಳಿ. ಖಾಲಿ ಸ್ಟ್ರಿಪ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಕೆಲವು ಬ್ರಾಂಡ್‌ಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ. ಅದು ಗೊತ್ತಿಲ್ಲದೆ ಜ್ವರಕ್ಕೆ, ತಲೆನೋವಿಗೆ ಅಂತ ಮೇಲೆ ಇನ್ನೂ ನುಂಗಿದರೆ ಲಿವರ್‌ಗೆ ಏಟು.

ಇನ್ನು ಇಳಿಸುವ ಬಗೆ. ಮೊದಲಿಂದ ತಗೊಳ್ಳುತ್ತಿದ್ದ ಪ್ರಮಾಣದಲ್ಲಿ ಹತ್ತನೇ ಒಂದು ಭಾಗದಷ್ಟು ಕಡಿಮೆ ಮಾಡುವುದು, ಮೈ ಒಗ್ಗಿದ ಮೇಲೆ ಮುಂದಿನ ಮೆಟ್ಟಿಲು ಇಳಿಯುವುದು, ಇದು ಸಾಮಾನ್ಯ ಲೆಕ್ಕ. ವರ್ಷಕ್ಕಿಂತ ಜಾಸ್ತಿ ತಗೊಂಡವರಿಗೆ ಒಂದೊಂದು ಮೆಟ್ಟಿಲಿಗೆ ತಿಂಗಳು ಹಿಡಿದರೂ ತಪ್ಪಿಲ್ಲ. ಕ್ಯಾಪ್ಸೂಲನ್ನು ಅರ್ಧ ಮಾಡಲು ಆಗುವುದಿಲ್ಲ, ಹಾಗಾಗಿ ನಿಮ್ಮ ಡಾಕ್ಟರು ಒಂದೊಂದೇ ಕ್ಯಾಪ್ಸೂಲ್ ಕಡಿಮೆ ಮಾಡುತ್ತಾ ನಡುವೆ ಹೆಚ್ಚು ವಾರ ಬಿಡಬಹುದು. ಸ್ಟ್ರಿಪ್ ಮೇಲೆ ಎಸ್‌ಆರ್ (ನಿಧಾನವಾಗಿ ಔಷಧ ಬಿಡುವ ಮಾತ್ರೆ) ಅಂತ ಇದ್ದರೆ ಆ ಮಾತ್ರೆಯನ್ನು ಮುರಿಯಲೂ ಬಾರದು, ಪುಡಿ ಮಾಡಲೂ ಬಾರದು, ಹಾಗೆ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲ ಮೈಗೆ ಬಿಡುಗಡೆಯಾಗುತ್ತದೆ. ಒಂದು ವಿಷಯ ಮೊದಲೇ ಗೊತ್ತಿರಲಿ: ಆರರಿಂದ ಐದಕ್ಕೆ ಇಳಿಯುವುದು ಸುಲಭ, ಎರಡರಿಂದ ಒಂದಕ್ಕೆ ಬರುವುದು ಕಷ್ಟ, ಯಾಕೆಂದರೆ ಅಲ್ಲಿ ಒಂದೇ ಏಟಿಗೆ ಅರ್ಧ ಹೋಗುತ್ತದೆ. ‘ಇಷ್ಟು ಇಳಿದವನಿಗೆ ಇದೇನು ಮಹಾ’ ಅಂತ ಕೊನೆಗೆ ಅವಸರ ಮಾಡಿದವರೇ ಮತ್ತೆ ಮೊದಲಿಂದ ಶುರು ಮಾಡುವುದನ್ನು ನಾನು ನೋಡುತ್ತಲೇ ಇದ್ದೇನೆ. ಕೊನೆಯ ಎರಡು ಕ್ಯಾಪ್ಸೂಲಿಗೆ ಜಾಸ್ತಿ ಸಮಯ ಕೇಳಿ ಪಡೆಯಿರಿ. ಯಾವುದೋ ವಾರ ಇಳಿಸಲು ಆಗದಿದ್ದರೆ ಅದೇ ಮೆಟ್ಟಿಲಿನಲ್ಲಿ ನಿಲ್ಲಿ, ಮೇಲೆ ಹತ್ತಬೇಡಿ.

ಬೆವರು, ನಡುಕ, ಚಡಪಡಿಕೆಗೆ ಕ್ಲೋನಿಡಿನ್ ಎಂಬ ಮಾತ್ರೆ ಇದೆ. ಅದು ಬಿಪಿ ಇಳಿಸುತ್ತದೆ, ಆದ್ದರಿಂದ ಬಿಪಿ ನೋಡಿಯೇ ಕೊಡಬೇಕು, ಸ್ವಂತಕ್ಕೆ ತಗೊಳ್ಳುವಂಥದ್ದಲ್ಲ. ಇಳಿಸಲು ಆಗುವುದೇ ಇಲ್ಲ ಅನ್ನುವವರಿಗೆ ಬ್ಯುಪ್ರೆನಾರ್ಫಿನ್ ಎಂಬ ಔಷಧದ ದಾರಿಯೂ ಇದೆ, ಅದು ವ್ಯಸನ ಚಿಕಿತ್ಸೆಯ ಡಾಕ್ಟರ ಕೈಯಲ್ಲೇ ಆಗಬೇಕು. ಬೇಧಿಗೆ ಒಂದು ಪ್ಯಾಕೆಟ್ ಓಆರ್‌ಎಸ್ ಒಂದು ಲೀಟರ್ ನೀರಿಗೆ ಹಾಕಿ ಗುಟುಕು ಗುಟುಕಾಗಿ ಕುಡಿಯಿರಿ. ಗಂಜಿ, ತಿಳಿಸಾರು ಅನ್ನ, ಉಪ್ಪು ಹಾಕಿದ ಮಜ್ಜಿಗೆ ಸಾಕು. ಬೇಧಿ ನಿಲ್ಲುವ ಮಾತ್ರೆ ಹೇಳಿದ್ದಕ್ಕಿಂತ ಒಂದೂ ಜಾಸ್ತಿ ಬೇಡ, ಅತಿಯಾದರೆ ಹೃದಯದ ಬಡಿತ ಏರುಪೇರಾಗುತ್ತದೆ.

ರಾತ್ರಿ ಕಾಲಿನ ಕಾಟಕ್ಕೆ ಹಾಸಿಗೆಯಲ್ಲಿ ಬಿದ್ದು ಗಡಿಯಾರ ನೋಡುತ್ತಾ ಒದ್ದಾಡಬೇಡಿ. ಎದ್ದು ಪಡಸಾಲೆಯಲ್ಲಿ ನಾಲ್ಕು ಸುತ್ತು ಹಾಕಿ, ಮೊಣಕಾಲಿನಿಂದ ಕೆಳಗೆ ಬಿಸಿನೀರು ಹುಯ್ದುಕೊಳ್ಳಿ, ಮೀನಖಂಡಕ್ಕೆ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳಿ. ಮಧ್ಯಾಹ್ನದ ಮೇಲೆ ಚಹಾ, ಕಾಫಿ ಬೇಡ. ದೊಡ್ಡ ಸೈಟಿನ ಕೆಲಸ ಒಪ್ಪಿಕೊಂಡ ವಾರದಲ್ಲಿ ಮೊದಲ ಮೆಟ್ಟಿಲು ಇಳಿಯಲು ಹೋಗಬೇಡಿ, ಬಗ್ಗಿ ಕೆಲಸ ಮಾಡುವವರಿಗೆ ಅದು ಆಗದ ಮಾತು.

ಸೊಂಟ ಮತ್ತೆ ನೋಯುತ್ತದೆ. ಹೆದರಬೇಡಿ. ಮಾತ್ರೆ ಇಳಿಸುವಾಗ ಹಳೇ ನೋವು ಕೆಲವು ದಿನ ಜಾಸ್ತಿಯಾಗಿಯೇ ಕಾಣುತ್ತದೆ, ಡಿಸ್ಕ್ ಮತ್ತೆ ಜಾರಿತು ಅಂತ ಅರ್ಥ ಅಲ್ಲ. ಈ ಜಾತಿಯ ಔಷಧವನ್ನು ತುಂಬ ದಿನ ತಗೊಂಡರೆ ಕೆಲವರಿಗೆ ನೋವಿನ ಅರಿವು ಇನ್ನೂ ಚುರುಕಾಗುತ್ತದೆ, ಬಿಟ್ಟ ಮೇಲೆ ಅದು ತಗ್ಗುತ್ತದೆ. ಫಿಸಿಯೋಥೆರಪಿ ಇದರ ಜೊತೆಗೇ ಶುರುವಾಗಲಿ. ಆದರೆ ಕಾಲಿನ ಬಲ ಕಡಿಮೆಯಾದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಮರಗಟ್ಟಿದರೆ ಅವತ್ತೇ ದೊಡ್ಡಾಸ್ಪತ್ರೆಗೆ ಓಡಿ.

ಚಟಗಾರನೇ ಅಂತ ಕೇಳಿದಿರಿ. ಮೈ ಒಗ್ಗಿಹೋಗಿರುವುದು ನಿಮ್ಮ ತಪ್ಪಲ್ಲ, ಬರೆದುಕೊಟ್ಟ ಹಾಗೇ ನುಂಗಿದವರಿಗೂ ಅದು ಆಗುತ್ತದೆ. ಕೇಳದೆ ಎರಡನ್ನು ಆರು ಮಾಡಿಕೊಂಡದ್ದಕ್ಕೂ ಚಿಕಿತ್ಸೆ ಬೇಕು, ಅದನ್ನು ಡಾಕ್ಟರ ಮುಂದೆ ಮುಚ್ಚಿಡಬೇಡಿ. ನಿಮ್ಮ ಮನೆಯವರಿಗೆ ನನ್ನ ವಿನಂತಿ: ಬೈಯುವುದು ಬೇಡ ಅಮ್ಮಾ, ಸ್ಟ್ರಿಪ್‌ಗಳು ನಿಮ್ಮ ಕೈಯಲ್ಲಿ ಇರಲಿ, ಆಯಾ ದಿನದ್ದು ಬೆಳಿಗ್ಗೆ ಎಣಿಸಿ ಕೊಡಿ. ಇದರಿಂದ ಆಗುವಷ್ಟು ಉಪಕಾರ ಯಾವ ಬೈಗುಳದಿಂದಲೂ ಆಗುವುದಿಲ್ಲ.

ಶುರು ಮಾಡಿದ ಡಾಕ್ಟರು ನಿಲ್ಲಿಸುವುದು ಹೇಗೆ ಅಂತಲೂ ಅವತ್ತೇ ಹೇಳಬೇಕಿತ್ತು. 2018ರಿಂದ ಟ್ರಮಡಾಲ್ ಮಾದಕ ವಸ್ತು ಕಾಯ್ದೆಯ ಕೆಳಗೆ ಬಂದಿದೆ, ಹಳೇ ಚೀಟಿಗೆ ಕೊಡುವಂತೆಯೇ ಇಲ್ಲ. ಕೊಡುತ್ತಿದ್ದಾರಲ್ಲ, ಅದು ನಿಮ್ಮಂಥವರ ಮನೆ ಹಾಳು ಮಾಡುತ್ತಿದೆ, ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಕಾಯ್ದೆ ಅಂದ ಕೂಡಲೇ ಕೇಸ್ ಆಗುತ್ತದೆ ಅಂತ ನೀವು ಆಸ್ಪತ್ರೆಗೆ ಹೋಗದೆ ಇರಬೇಡಿ. ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿ ಇರಬೇಕು, ಅದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವಲ್ಲ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಿ ನೋವಿನ ಮಾತ್ರೆ ನಿಲ್ಲಿಸಿ ಎರಡು ವಾರ ಆಯಿತು ಮೇಡಂ. ಬೇಧಿ, ಬೆವರು ಎಲ್ಲ ಹೋಗಿದೆ. ನಿದ್ದೆ ಮಾತ್ರ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಪಕ್ಕದ ಮನೆ ಅಕ್ಕ ತಾವು ನುಂಗುವ ನಿದ್ದೆ ಮಾತ್ರೆ ಕೊಡುತ್ತೇನೆ ಅನ್ನುತ್ತಾರೆ. ತಗೊಳ್ಳಲೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ಬೇಡಮ್ಮ. ಅದು ಬಹುಶಃ ಆಲ್ಪ್ರಾಜೊಲಾಮ್ ಇರಬೇಕು, ಅದಕ್ಕೂ ಮೈ ಒಗ್ಗುತ್ತದೆ, ಅದನ್ನು ಬಿಡುವುದು ಇನ್ನೂ ಕಷ್ಟ. ಮೈಯ ತೊಂದರೆ ಹೋದ ಮೇಲೂ ನಿದ್ದೆ ಮತ್ತು ಮನಸ್ಸು ಹಿಂದೆ ಬೀಳುತ್ತವೆ, ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಎದ್ದು ಬಿಸಿಲಿನಲ್ಲಿ ನಡೆಯಿರಿ, ಹಗಲು ಮಲಗಬೇಡಿ. ಊಟ ಸೇರದೆ, ಬದುಕೇ ಬೇಡ ಅನ್ನಿಸಿದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಖಿನ್ನತೆಗೆ ಒಳ್ಳೆಯ ಚಿಕಿತ್ಸೆ ಇದೆ. ಇನ್ನೊಂದು ಮುಖ್ಯ ಮಾತು: ಯಾವತ್ತೋ ಸೋತು ಮತ್ತೆ ನುಂಗಬೇಕು ಅನ್ನಿಸಿದರೆ ಹಳೇ ಲೆಕ್ಕದಲ್ಲಿ ನುಂಗಲೇಬೇಡಿ. ಮೈಗೆ ಈಗ ಆ ತಡೆಯುವ ಶಕ್ತಿ ಇಲ್ಲ, ಉಸಿರೇ ನಿಲ್ಲಬಹುದು. ಮನೆಯಲ್ಲಿ ಉಳಿದ ಮಾತ್ರೆಗಳನ್ನು ನಾಳೆಯೇ ಆಸ್ಪತ್ರೆಯ ಔಷಧ ವಿಭಾಗಕ್ಕೆ ಒಪ್ಪಿಸಿ.

ಪ್ರಶ್ನೆ: ಅಪ್ಪನಿಗೆ ಕ್ಯಾನ್ಸರ್, ಮಾರ್ಫಿನ್ ಮಾತ್ರೆ ಕೊಟ್ಟಿದ್ದಾರೆ. ಚಟ ಹತ್ತುತ್ತದೆ ಅಂತ ದೊಡ್ಡಪ್ಪ ಅರ್ಧ ಮಾತ್ರ ಕೊಡಿಸುತ್ತಾರೆ. ಅಪ್ಪ ರಾತ್ರಿಯೆಲ್ಲ ನರಳುತ್ತಾರೆ.
– ಮಗಳು, ಬಾಗಲಕೋಟೆ

ಉತ್ತರ: ದೊಡ್ಡಪ್ಪನವರಿಗೆ ಇದನ್ನು ಓದಿ ಹೇಳಿ. ಕ್ಯಾನ್ಸರ್ ನೋವಿಗೆ ಡಾಕ್ಟರು ಲೆಕ್ಕ ಹಾಕಿ ಕೊಟ್ಟ ಮಾರ್ಫಿನ್‌ನಿಂದ ಅಪ್ಪ ಚಟಗಾರರಾಗುತ್ತಾರೆ ಎಂಬ ಭಯ ಬಿಡಿ. ಇವತ್ತು ಅರ್ಧ, ನಾಳೆ ಪೂರ್ತಿ, ಮತ್ತೆ ಅರ್ಧ ಅಂತ ಆಡಿಸಿದರೆ ನೋವಿನ ಜೊತೆಗೆ ಮೇಲೆ ಹೇಳಿದ ಬೆವರು, ಬೇಧಿ, ಚಡಪಡಿಕೆಯೂ ಅವರಿಗೆ ಬರುತ್ತದೆ. ಹೇಳಿದ ಹೊತ್ತಿಗೆ ಹೇಳಿದಷ್ಟು ಕೊಡಿ, ಮಲಬದ್ಧತೆಗೆ ಔಷಧ ಜೊತೆಗೇ ಇರಲಿ. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನ ಆದರೆ ತಕ್ಷಣ ಆಸ್ಪತ್ರೆಗೆ. ನೋವು ಕಡಿಮೆಯಾದ ದಿನ ಅದನ್ನು ಹಂತ ಹಂತವಾಗಿ ಇಳಿಸುವುದು ಡಾಕ್ಟರ ಕೆಲಸ. ಮಾತ್ರೆ ಡಬ್ಬಿ ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ.