ಕೇಳಿ, ಹೇಳ್ತೀನಿ: ಇಪ್ಪತ್ತು ವರ್ಷ ಊರು ಬಿಟ್ಟವನ ಲೆಕ್ಕ

ಪ್ರಶ್ನೆ: ಅಣ್ಣಾ, ಟೀ ಅಂಗಡೀಲಿ ಜಗಳ ಹತ್ತಿದೆ. ಒಬ್ಬ ಮಂಡ್ಯ ಬಿಟ್ಟು, ಫೋನು, ಪೇಪರು ಏನೂ ಮುಟ್ಟದೆ ಇಪ್ಪತ್ತು ವರ್ಷ ಎಲ್ಲೋ ಇದ್ದು ಬಂದರೆ ಊರಿನ ಗುರುತು ಸಿಗುತ್ತಾ? ಸಿಗಲ್ಲ ಅಂತ ನಾನು. ಎಲ್ಲಾ ಹಂಗೇ ಇರುತ್ತೆ ಅಂತ ನನ್ನ ಬಾಮೈದ. ಸೋತವರು ಟೀ ಕುಡಿಸಬೇಕು.
– ಓದುಗ, ಕೆ.ಎಂ. ದೊಡ್ಡಿ

ಉತ್ತರ: ನಾನು ಜ್ಯೋತಿಷಿ ಅಲ್ಲಪ್ಪ, ಮೈಸೂರು–ಬೆಂಗಳೂರು ಬಸ್ಸಿನಲ್ಲಿ ಟಿಕೆಟ್ ಹರಿದವನು. ಮುಂದಿನದು ಗೊತ್ತಿಲ್ಲ, ಹಿಂದಿನದನ್ನ ಲೆಕ್ಕ ಹಾಕೋಣ. 2005ರಲ್ಲಿ ಹೋದವನು 2025ರಲ್ಲಿ ಬೆಂಗಳೂರಲ್ಲಿ ನಮ್ಮ ಬಸ್ಸು ಹತ್ತಿದ ಅಂದ್ಕೊಳ್ಳಿ.

ಜೋಪಾನ ಮಾಡಿಟ್ಟಿದ್ದ ಹಳೇ ಐನೂರರ ನೋಟು ಚಾಚ್ತಾನೆ. 2016ರ ನವೆಂಬರ್ 8ರ ರಾತ್ರಿಯೇ ಅದರ ಕಥೆ ಮುಗಿದಿದೆ. ಪಕ್ಕದ ಸೀಟಿನ ಹೆಂಗಸು ಆಧಾರ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ಇಸ್ಕೋತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆ. (ನನ್ನ ಸರ್ವೀಸಿನಲ್ಲಿ ಇದು ಬಂದಿದ್ದರೆ ಚಿಲ್ಲರೆ ಜಗಳ ಅರ್ಧ ಕಡಿಮೆ ಆಗ್ತಿತ್ತು.) ಆಮೇಲೆ ರಾಮನಗರ, ಚನ್ನಪಟ್ಟಣ ಬರಲಿ ಅಂತ ಕಾಯ್ತಾನೆ, ಬರಲ್ಲ, ಹೊಸ ಎಕ್ಸ್‌ಪ್ರೆಸ್‌ವೇ ಊರ ಹೊರಗಿಂದ್ಲೇ ಹೋಗುತ್ತೆ. ಮದ್ದೂರಲ್ಲಿ ವಡೆ ತಿನ್ನೋಕೆ ಎಚ್ಚರವಾಗೇ ಕೂತಿರ್ತಾನೆ, ಬಸ್ಸು ಫ್ಲೈಓವರ್ ಮೇಲೆ ಹೋಗಿಬಿಡುತ್ತೆ. ಮಾರನೇ ದಿನ ತಮ್ಮನ ಬೈಕು ತಗೊಂಡು ಎಕ್ಸ್‌ಪ್ರೆಸ್‌ವೇ ಹತ್ತಿದರೆ ಪೊಲೀಸರು ಹಿಡೀತಾರೆ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಸರ್ವೀಸ್ ರಸ್ತೆಯೇ ಗತಿ.

ಇಲ್ಲೀತನಕ ನೀವೇ ಗೆದ್ದಿರಿ. ಆದರೆ ಮಂಡ್ಯದಲ್ಲಿ ಇಳಿದವನು ಮೊದಲು ಕೇಳೋದೇನು? ‘ಕಾವೇರಿದು ಬಗೆಹರೀತಾ?’ ಅವನು ಹೋಗುವಾಗ 1990ರ ನ್ಯಾಯಮಂಡಳಿ ಇನ್ನೂ ವಿಚಾರಣೆ ಮಾಡ್ತಿತ್ತು. 2007ರಲ್ಲಿ ಅಂತಿಮ ತೀರ್ಪು ಬಂತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನ ತಿದ್ದಿ ನಮಗೆ 14.75 ಟಿಎಂಸಿ ಹೆಚ್ಚು ಕೊಡ್ತು. 2023ರಲ್ಲಿ ಮಳೆ ಕೈಕೊಡ್ತು, ಸೆಪ್ಟೆಂಬರಿನಲ್ಲಿ ಮತ್ತೆ ಮಂಡ್ಯ ಬಂದ್. ಬಾಮೈದನೂ ಗೆದ್ದ.

ನಮ್ಮೂರೊಂದರ ಕಥೆ ಅಲ್ಲ ಇದು. ಶ್ಯಾಕಲ್ಟನ್ ಅನ್ನೋ ಸಾಹಸಿ 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾದ ತಿಂಗಳೇ ಅಂಟಾರ್ಕ್ಟಿಕಾಕ್ಕೆ ಹೊರಟ. ಹಡಗು ಮಂಜುಗಡ್ಡೆಯಲ್ಲಿ ನುಜ್ಜುಗುಜ್ಜಾಗಿ, 1916ರ ಮೇನಲ್ಲಿ ಹೇಗೋ ಜನ ಇರೋ ಜಾಗ ಮುಟ್ಟಿ, ಯುದ್ಧ ಯಾವಾಗ ಮುಗೀತು ಅಂತ ಕೇಳಿದ. ಮುಗಿದಿರಲೇ ಇಲ್ಲ, ಇನ್ನೂ ಎರಡೂವರೆ ವರ್ಷ ಬಾಕಿ ಇತ್ತು. ಕ್ರಿಕಾಲೆವ್ ಅನ್ನೋ ಗಗನಯಾತ್ರಿದು ಇದಕ್ಕೆ ಉಲ್ಟಾ. 1991ರ ಮೇನಲ್ಲಿ ಮೇಲಕ್ಕೆ ಹೋದವನು 1992ರ ಮಾರ್ಚಿಗೆ ಇಳಿಯೋಹೊತ್ತಿಗೆ ಕಳಿಸಿದ್ದ ಸೋವಿಯತ್ ದೇಶವೇ ಇರಲಿಲ್ಲ. ಇಳಿದ ನೆಲ ಕಜಾಕಸ್ತಾನ, ಅದು ಬೇರೆ ದೇಶ ಆಗಿತ್ತು. ಹುಟ್ಟೂರು ಲೆನಿನ್‌ಗ್ರಾಡ್‌ಗೂ ಹೆಸರು ಬದಲಾಗಿತ್ತು. ಒಬ್ಬ ಮುಗಿದಿರುತ್ತೆ ಅಂದ್ಕೊಂಡಿದ್ದು ಮುಗಿದಿರಲಿಲ್ಲ, ಇನ್ನೊಬ್ಬ ಇದ್ದೇ ಇರುತ್ತೆ ಅಂದ್ಕೊಂಡಿದ್ದು ಇರಲಿಲ್ಲ. ಟೀ ದುಡ್ಡು ಅರ್ಧರ್ಧ ಹಾಕ್ಕೊಳ್ಳಿ.

ಪ್ರಶ್ನೆ: ಹಾಗೆ ಬಂದವನಿಗೆ ನಾವು ಹೇಳಿದರೆ ನಂಬ್ತಾನಾ, ಸರ್?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಕಷ್ಟ ಕಣಮ್ಮ. ಜಪಾನಿನ ಒನೊಡಾ ಅನ್ನೋ ಸೈನಿಕ ಎರಡನೇ ಮಹಾಯುದ್ಧ ಮುಗಿದ ಮೇಲೂ ಫಿಲಿಪ್ಪೀನ್ಸಿನ ಕಾಡಲ್ಲೇ ಇದ್ದ. ಕರಪತ್ರ ಹಾಕಿದರು, ಪೇಪರು ಇಟ್ಟು ಬಂದರು, ಎಲ್ಲಾ ಶತ್ರುಗಳ ಕುತಂತ್ರ ಅಂದ. 1974ರಲ್ಲಿ ಅವನ ಹಳೇ ಮೇಲಧಿಕಾರಿಯೇ ಹೋಗಿ ಆರ್ಡರ್ ಕೊಟ್ಟ ಮೇಲೆ ಬಂದೂಕು ಇಳಿಸಿದ. ನಮ್ಮವನಿಗೆ ಹೇಳೋಕೆ ಸೋದರಮಾವನನ್ನ ಕಳಿಸಿ.

ಪ್ರಶ್ನೆ: ಹೋಗೋ ಮುಂಚೆ ಏನು ವ್ಯವಸ್ಥೆ ಮಾಡಿರಬೇಕು?
– ಓದುಗ, ಪಾಂಡವಪುರ

ಉತ್ತರ: ನೀವೇ ಹೊರಟ ಹಾಗಿದೆ! ಹತ್ತು ವರ್ಷ ವ್ಯವಹಾರ ಇಲ್ಲದ ಖಾತೆಯ ದುಡ್ಡನ್ನ ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತೆ. ಅದನ್ನ ಅರ್ಜಿ ಹಾಕಿ ವಾಪಸ್ ಪಡೀಬಹುದು. ಜಮೀನಿನ ವಿಷಯ ಬೇರೆ. ಏಳು ವರ್ಷ ಮನೆಯವರಿಗೆ ಸುದ್ದಿಯೇ ಇಲ್ಲ ಅಂದರೆ, ಬದುಕಿದ್ದಾನೆ ಅನ್ನೋರೇ ಅದನ್ನ ಕೋರ್ಟಿನಲ್ಲಿ ರುಜುವಾತು ಮಾಡಬೇಕು. ಅಷ್ಟರಲ್ಲಿ ಅಣ್ಣತಮ್ಮಂದಿರು ಪೌತಿ ಖಾತೆಗೆ, ಅಂದರೆ ಸತ್ತವನ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಓಡಾಡಿರ್ತಾರೆ. ವರ್ಷಕ್ಕೊಂದು ಕಾಗದ ಹಾಕಿ, ಸ್ಪೀಡ್ ಪೋಸ್ಟಿನಲ್ಲಿ. ತಂತಿ ಕೊಡ್ತೀನಿ ಅನ್ನಬೇಡಿ, ಅದು 2013ರ ಜುಲೈನಲ್ಲೇ ನಿಂತಿದೆ.