ಓದುಗರ ಪ್ರಶ್ನೆ: ಮಹಿಳೆಯರೇ ಹೆಚ್ಚಿರುವ ಕಾರ್ಖಾನೆಯಲ್ಲಿ ವೈವಿಧ್ಯಕ್ಕೆ ಏನು ಕೊರತೆ?

ನೇಮಕಾತಿ ಮತ್ತು ಕಾರ್ಮಿಕ ಕಾನೂನಿನ ಬಗ್ಗೆ ಉಡುಪಿ ಹಾಗೂ ದಕ್ಷಿಣ ಕನ್ನಡ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಮೂರನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಕಾರ್ಕಳದ ಸಮೀಪ ನಮ್ಮದೊಂದು ಗೇರುಬೀಜ ಕಾರ್ಖಾನೆ ಇದೆ. ನೂರಕ್ಕೂ ಹೆಚ್ಚು ಕೆಲಸಗಾರರಿದ್ದು, ಅವರಲ್ಲಿ ಮುಕ್ಕಾಲು ಪಾಲು ಮಹಿಳೆಯರು. ವಿದೇಶಿ ಖರೀದಿದಾರರೊಬ್ಬರು ಸಿಬ್ಬಂದಿಯ ವೈವಿಧ್ಯದ ಬಗ್ಗೆ ಒಂದು ನಮೂನೆ ಕಳುಹಿಸಿ, ಹುದ್ದೆವಾರು ವಿವರವನ್ನೂ ನೇಮಕಾತಿಯ ವಿಧಾನವನ್ನೂ ಕೇಳಿದ್ದಾರೆ. ಇಷ್ಟು ಮಹಿಳೆಯರಿರುವಾಗ ನಮ್ಮಲ್ಲಿ ಇನ್ನೇನು ಕೊರತೆ?
— ಕಾರ್ಖಾನೆಯ ಮಾಲೀಕರು, ಕಾರ್ಕಳ ತಾಲ್ಲೂಕು

ಉತ್ತರ: ಖರೀದಿದಾರರು ಒಟ್ಟು ಸಂಖ್ಯೆಗೆ ತೃಪ್ತರಾಗದೆ ಹುದ್ದೆವಾರು ವಿವರ ಕೇಳಿರುವುದಕ್ಕೆ ಕಾರಣವಿದೆ. ನಮ್ಮ ಕರಾವಳಿಯ ಗೇರುಬೀಜ, ಬೀಡಿ ಮತ್ತು ಮೀನು ಸಂಸ್ಕರಣಾ ಉದ್ಯಮಗಳು ನಿಂತಿರುವುದೇ ಮಹಿಳೆಯರ ದುಡಿಮೆಯ ಮೇಲೆ. ಆದರೆ ಗೇರುಬೀಜ ಕಾರ್ಖಾನೆಯ ಒಳಹೊಕ್ಕು ನೋಡಿದರೆ ಪೀಲಿಂಗ್ ಮತ್ತು ಗ್ರೇಡಿಂಗ್ ಮೇಜುಗಳ ಮುಂದೆ ಸಾಲಾಗಿ ಮಹಿಳೆಯರೂ, ಬಾಯ್ಲರ್, ಗೋದಾಮು, ಲೋಡಿಂಗ್, ಮೇಲ್ವಿಚಾರಣೆ ಹಾಗೂ ಕಚ್ಚಾ ಬೀಜದ ಖರೀದಿಯಲ್ಲಿ ಗಂಡಸರೂ ಇರುವುದೇ ಸಾಮಾನ್ಯ. ಸಿಪ್ಪೆ ತೆಗೆಯುವವರಿಗೆ ಕಿಲೋ ಲೆಕ್ಕದ ಕೂಲಿ, ಉಳಿದವರಲ್ಲಿ ಹೆಚ್ಚಿನವರಿಗೆ ತಿಂಗಳ ಸಂಬಳ. ಹೀಗಿರುವಾಗ ಮುಕ್ಕಾಲು ಪಾಲು ಎಂಬ ನಿಮ್ಮ ಲೆಕ್ಕ ಸುಳ್ಳಲ್ಲ, ಆದರೆ ಯಾರು ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ.

ದೇಶದ ಅಂಕಿ ಅಂಶಗಳಲ್ಲಿಯೂ ಇದೇ ಕಥೆ. ಕೇಂದ್ರ ಸರ್ಕಾರದ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟ ಮಹಿಳೆಯರ ದುಡಿಮೆಯ ಪಾಲ್ಗೊಳ್ಳುವಿಕೆ 2017-18ರಲ್ಲಿ ಶೇ. 23.3 ಇದ್ದದ್ದು 2023-24ರಲ್ಲಿ ಶೇ. 41.7ಕ್ಕೆ ಏರಿತು. ಈ ಏರಿಕೆಯ ದೊಡ್ಡ ಪಾಲು ಸಂಬಳದ ನೌಕರಿಯಲ್ಲಿ ಆದದ್ದಲ್ಲ. ಹಳ್ಳಿಗಳ ಸ್ವಂತ ದುಡಿಮೆಯಲ್ಲಿ ಮತ್ತು ಕುಟುಂಬದ ಹೊಲ, ಅಂಗಡಿಗಳಲ್ಲಿ ಕೂಲಿಯಿಲ್ಲದೆ ಮಾಡುವ ಕೆಲಸದಲ್ಲಿ ಆದದ್ದು.

ಗ್ರೇಡಿಂಗ್ ಮೇಜನ್ನೇ ತೆಗೆದುಕೊಳ್ಳಿ. ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ ತೂಗುವುದು ಡಬ್ಲ್ಯೂ 320 ಎಂಬ ದರ್ಜೆ. ಅದಕ್ಕಿಂತ ದಪ್ಪನೆಯದು ಡಬ್ಲ್ಯೂ 240. ಅನುಭವಿ ಮಹಿಳೆ ಇವೆರಡನ್ನೂ ಕಣ್ಣಳತೆಯಲ್ಲೇ ಬೇರ್ಪಡಿಸುತ್ತಾಳೆ, ಜೊತೆಗೆ ಹುಳು ತಿಂದದ್ದನ್ನೂ ಸುಟ್ಟ ಕಲೆಯದ್ದನ್ನೂ ಬದಿಗೆ ಸರಿಸುತ್ತಾಳೆ. ಇಂಥ ಕೈಗಳ ನಡುವೆ ಬಣ್ಣ ನೋಡಿ ವಿಂಗಡಿಸುವ ಯಂತ್ರ ಬಂದಾಗ ಅದರ ಆಪರೇಟರ್ ಆಗಿ ಹೊರಗಿನಿಂದ ಡಿಪ್ಲೊಮಾ ಓದಿದ ಹುಡುಗ ಬರುತ್ತಾನೆ, ಮೇಜಿನ ಮುಂದಿದ್ದವರಲ್ಲಿ ಅರ್ಧದಷ್ಟು ಮಂದಿ ಮನೆಗೆ ಹೋಗುತ್ತಾರೆ. ಯಂತ್ರ ಯಾವ ಒಳ್ಳೆಯ ಬೀಜವನ್ನು ತಪ್ಪಾಗಿ ತಳ್ಳುತ್ತಿದೆ ಎಂದು ಮೊದಲು ಗುರುತಿಸಬಲ್ಲವಳು ಆ ಮಹಿಳೆಯೇ ಎಂಬುದು ಮಾಲೀಕರಿಗೆ ತಿಳಿಯದ ವಿಷಯವೇನೂ ಅಲ್ಲ. ಯಂತ್ರ ತರುವ ಕಂಪನಿಯವರು ತರಬೇತಿ ಕೊಡುವ ದಿನ ಅಂಥ ಇಬ್ಬರನ್ನು ಜೊತೆಗೆ ನಿಲ್ಲಿಸಿದರೆ ಆಪರೇಟರ್ ಹುದ್ದೆ ನಿಮ್ಮಲ್ಲಿಯೇ ಭರ್ತಿಯಾಗುತ್ತದೆ.

“ಮೇಲ್ವಿಚಾರಕಿಯಾಗಿ ಎಂದು ಕರೆದರೂ ಅವರೇ ಒಪ್ಪುವುದಿಲ್ಲ” ಎಂಬ ಮಾತನ್ನು ಹಲವು ಮಾಲೀಕರಿಂದ ಕೇಳಿದ್ದೇನೆ. ಒಪ್ಪದಿರುವುದಕ್ಕೆ ಕಾರಣ ಬಹಳ ಸಲ ಬಸ್ಸು. ಮೇಲ್ವಿಚಾರಕರಾದವರು ದಿನದ ತೂಕದ ಲೆಕ್ಕ ಮುಗಿಸಿಯೇ ಹೊರಡಬೇಕು, ಅಷ್ಟು ಹೊತ್ತಿಗೆ ಹಳ್ಳಿಯ ಕಡೆಗೆ ಹೋಗುವ ಕೊನೆಯ ಬಸ್ಸು ಹೋಗಿರುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ ಅನ್ವಯಿಸುವುದರಿಂದ, ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಎರಡು ಜಿಲ್ಲೆಗಳಲ್ಲಿ ಅದರ ಪ್ರಯೋಜನವೂ ಅಷ್ಟಕ್ಕಷ್ಟೆ. ತೂಕದ ಲೆಕ್ಕವನ್ನು ಮುಕ್ಕಾಲು ಗಂಟೆ ಮೊದಲೇ ಮುಗಿಸುವಂತೆ ಪಾಳಿಯನ್ನು ಹೊಂದಿಸಿ, ಆಮೇಲೆ ಒಮ್ಮೆ ಕರೆದು ನೋಡಿ.

ನಮೂನೆಯ ನೇಮಕಾತಿ ವಿಧಾನದ ಅಂಕಣವನ್ನೂ ಮುಲಾಜಿಲ್ಲದೆ ತುಂಬಿ. ನಮ್ಮಲ್ಲಿ ಹೆಚ್ಚಿನವರು ಕೆಲಸಕ್ಕೆ ಸೇರುವುದು ಗುರುತಿನವರ ಮೂಲಕ. ಇದರಿಂದ ನಂಬಿಕೆ ಉಳಿಯುತ್ತದೆ, ನಿಜ. ಜೊತೆಗೆ ಒಂದೇ ಊರಿನ, ಒಂದೇ ಸಮುದಾಯದ ಜನರೇ ತುಂಬಿಕೊಳ್ಳುತ್ತಾರೆ. ಖಾಲಿ ಹುದ್ದೆಯ ಸೂಚನೆಯನ್ನು ಗ್ರಾಮ ಪಂಚಾಯಿತಿಗೂ ಹತ್ತಿರದ ಐಟಿಐಗೂ ಸ್ತ್ರೀಶಕ್ತಿ ಸಂಘಗಳಿಗೂ ತಲುಪಿಸಿ, ಅದರಲ್ಲಿ “ಪುರುಷ ಅಭ್ಯರ್ಥಿಗಳು ಬೇಕಾಗಿದ್ದಾರೆ” ಎಂಬ ಸಾಲು ಇದ್ದರೆ ಅಳಿಸಿ. ಕೈ ಚುರುಕಿರುವ ಶ್ರವಣದೋಷವುಳ್ಳವರಿಗೆ ಗ್ರೇಡಿಂಗ್ ಕೆಲಸದಲ್ಲಿ ಯಾವ ಅಡ್ಡಿಯೂ ಇಲ್ಲ.

ಕಾನೂನಿನ ಎರಡು ವಿಷಯಗಳನ್ನೂ ಪರಿಶೀಲಿಸಿಕೊಳ್ಳಿ. 50 ಅಥವಾ ಹೆಚ್ಚು ಉದ್ಯೋಗಿಗಳಿದ್ದರೆ ಶಿಶುಪಾಲನಾ ಕೊಠಡಿ ಕಡ್ಡಾಯ. 10 ಅಥವಾ ಹೆಚ್ಚು ಮಂದಿಯಿದ್ದರೆ ಲೈಂಗಿಕ ಕಿರುಕುಳ ತಡೆ ಕುರಿತ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಇರಬೇಕು ಮತ್ತು ಅದರ ಅಧ್ಯಕ್ಷರು ಹಿರಿಯ ಹುದ್ದೆಯಲ್ಲಿರುವ ಮಹಿಳೆಯೇ ಆಗಿರಬೇಕು. ಮಹಿಳೆಯರೆಲ್ಲ ಕೆಳಗಿನ ಸಾಲಿನಲ್ಲೇ ಉಳಿದ ಕಾರ್ಖಾನೆಗೆ ಸಮಿತಿ ರಚಿಸುವಾಗಲೇ ತೊಡಕು ಎದುರಾಗುತ್ತದೆ.

ಪ್ರಶ್ನೆ: ನಾನು ಎಂ.ಕಾಂ. ಪದವೀಧರೆ. ಉಡುಪಿಯ ಒಂದು ಖಾಸಗಿ ಸಂಸ್ಥೆಯ ಸಂದರ್ಶನದಲ್ಲಿ ಲೆಕ್ಕಪತ್ರದ ಬಗ್ಗೆ ಎರಡು ಪ್ರಶ್ನೆ ಕೇಳಿದವರು, ಮದುವೆ ಯಾವಾಗ, ಮದುವೆಯಾದ ಮೇಲೆ ಮುಂಬಯಿಗೋ ಗಲ್ಫಿಗೋ ಹೋಗುವಿರಾ ಎಂದು ನಾಲ್ಕು ಪ್ರಶ್ನೆ ಕೇಳಿದರು. ಇದು ಸರಿಯೇ?
— ಹೆಸರು ಬೇಡ, ಉಡುಪಿ

ಉತ್ತರ: ಸರಿಯಲ್ಲ. ಒಂದೇ ಬಗೆಯ ಕೆಲಸಕ್ಕೆ ನೇಮಕ ಮಾಡುವಾಗ ಲಿಂಗದ ಆಧಾರದಲ್ಲಿ ತಾರತಮ್ಯ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ಅದರ ಜಾಗದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಆದರೆ ಪ್ರಶ್ನೆ ಕೇಳಿದರೆಂಬ ಒಂದೇ ಕಾರಣಕ್ಕೆ ದೂರು ನಿಲ್ಲುವುದು ಕಷ್ಟ. ಆ ಕಾರಣದಿಂದಲೇ ಕೆಲಸ ತಪ್ಪಿತೆಂದು ತೋರಿಸಬೇಕಾಗುತ್ತದೆ. ಮತ್ತೆ ಇಂಥ ಪ್ರಶ್ನೆ ಬಂದರೆ, ಈ ಹುದ್ದೆಯಲ್ಲಿ ಎಷ್ಟು ವರ್ಷ ಇರಬೇಕೆಂದು ಸಂಸ್ಥೆ ಬಯಸುತ್ತದೆ ಎಂದು ನೀವೇ ಮರಳಿ ಕೇಳಿ, ಅದಕ್ಕೆ ನಿಮ್ಮ ಉತ್ತರ ಕೊಡಿ. ಮದುವೆಯ ವಿವರ ಕೊಡಬೇಕಾದ ಅಗತ್ಯವಿಲ್ಲ.

ಈ ಪ್ರಶ್ನೆಯ ಹಿಂದಿರುವುದು 26 ವಾರಗಳ ಹೆರಿಗೆ ರಜೆಯ ಅಂಜಿಕೆ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಇಷ್ಟು ವೇತನಸಹಿತ ರಜೆ ಕೊಡಬೇಕಾಗಿದ್ದು, ಅದರ ವೆಚ್ಚವನ್ನು ಸಂಸ್ಥೆಯೇ ಭರಿಸಬೇಕೆಂಬುದು ಸಣ್ಣ ಸಂಸ್ಥೆಗಳಿಗೆ ನಿಜವಾದ ಭಾರ. ಸರ್ಕಾರ ಇದರಲ್ಲಿ ಪಾಲು ತೆಗೆದುಕೊಳ್ಳದೆ ಕಾನೂನು ಮಾಡಿದ್ದು ಒಳ್ಳೆಯದಾಗಲಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ ಹೆರಿಗೆಯ ಹಣವನ್ನು ಕೊಡುವುದು ಇಎಸ್‌ಐ ನಿಗಮ, ಮಾಲೀಕರಲ್ಲ. ನಮ್ಮ ಊರುಗಳ ಆರಂಭಿಕ ಸಂಬಳಗಳಲ್ಲಿ ಬಹಳಷ್ಟು ಈ ಮಿತಿಯೊಳಗೇ ಇವೆ. ವಂತಿಗೆ ಕಟ್ಟುತ್ತಲೇ ಇರುವ ಸಂಸ್ಥೆಯವರೂ ಇದನ್ನು ಮರೆತು ಹುಡುಗಿಯರನ್ನು ಹಿಂದಕ್ಕೆ ಕಳುಹಿಸುವುದು ಇದೆ.

ಪ್ರಶ್ನೆ: ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ನಮ್ಮ ಫ್ಯಾಬ್ರಿಕೇಶನ್ ಘಟಕದಲ್ಲಿ ಒಟ್ಟು ನಲವತ್ತು ಮಂದಿ; ವೆಲ್ಡರ್‌ಗಳೆಲ್ಲ ಬಿಹಾರ, ಒಡಿಶಾದವರು. ಊರಿನವರಿಗೆ ಕೆಲಸ ಕೊಡುವುದಿಲ್ಲವೆಂದು ಆಕ್ಷೇಪ ಕೇಳಿಬರುತ್ತಿದೆ. ಸ್ಥಳೀಯರಿಗೆ ಇಷ್ಟು ಪಾಲು ಎಂಬ ಕಾನೂನು ಇದೆಯೇ?
— ವ್ಯವಸ್ಥಾಪಕರು, ಬೈಕಂಪಾಡಿ

ಉತ್ತರ: ಖಾಸಗಿ ಘಟಕಗಳಿಗೆ ಅಂಥ ಕಾನೂನು ಜಾರಿಯಾಗಿಲ್ಲ. ಆಡಳಿತಾತ್ಮಕ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಗಳ ವಿರೋಧ ಎದ್ದ ಕೂಡಲೇ ಅದನ್ನು ತಡೆಹಿಡಿಯಿತು. ಹರಿಯಾಣದ ಶೇ. 75ರ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಅಸಾಂವಿಧಾನಿಕವೆಂದು ರದ್ದುಪಡಿಸಿತ್ತು.

ಊರಿನ ಯುವಕರು ವರ್ಕ್‌ಶಾಪಿನತ್ತ ಬಾರದಿರುವುದಕ್ಕೆ ಸೋಮಾರಿತನವೆಂದು ಹೆಸರಿಡುವುದು ಅನ್ಯಾಯ. ತಲೆಮಾರುಗಳ ಕಾಲ ಇಲ್ಲಿನ ಮಧ್ಯಮ ವರ್ಗದವರ ಕಣ್ಣು ಇದ್ದದ್ದು ಇಲ್ಲಿಯೇ ಹುಟ್ಟಿದ ಬ್ಯಾಂಕುಗಳ ಮೇಲೆ. ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು, ನೇಮಕವಂತೂ ಅದಕ್ಕೂ ಮೊದಲೇ ಅಖಿಲ ಭಾರತ ಪರೀಕ್ಷೆಗೆ ಹೋಗಿತ್ತು. ಆ ದಾರಿ ಕಿರಿದಾದರೂ ಓದಿದವರು ಬೆಂಗಳೂರು, ಗಲ್ಫ್ ಎಂದು ಹೊರಟರೇ ಹೊರತು ಬೈಕಂಪಾಡಿಯ ಕಡೆ ತಿರುಗಲಿಲ್ಲ, ಏಕೆಂದರೆ ಇಲ್ಲಿನ ವೆಲ್ಡರ್ ಹುದ್ದೆಗೆ ಬಹುಮಟ್ಟಿಗೆ ಗುತ್ತಿಗೆದಾರರ ಕೂಲಿಯಿದೆ, ನೇಮಕಾತಿ ಪತ್ರವಿಲ್ಲ. ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಆ ಪತ್ರ ಈಗ ಕಡ್ಡಾಯ.

ನಿಮ್ಮಲ್ಲಿ 30ಕ್ಕೂ ಹೆಚ್ಚು ಸಿಬ್ಬಂದಿ ಇರುವುದರಿಂದ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕದ್ರಿಯ ಸರ್ಕಾರಿ ಐಟಿಐಯಿಂದ ಹುಡುಗರನ್ನೂ ಹುಡುಗಿಯರನ್ನೂ ಕರೆಸಿಕೊಂಡು, ಈಗಿರುವ ವೆಲ್ಡರ್‌ಗಳ ಕೈಕೆಳಗೆ ಕಲಿಯಲು ಬಿಡಿ. ಕಲಿಸಿದ್ದಕ್ಕೆ ಆ ವೆಲ್ಡರ್‌ಗಳಿಗೆ ಬೇರೆ ಭತ್ಯೆ ಕೊಡಿ, ಇಲ್ಲವಾದರೆ ತಮ್ಮ ಕೆಲಸಕ್ಕೆ ಕುತ್ತು ಬಂತೆಂದು ಅವರು ಏನನ್ನೂ ಹೇಳಿಕೊಡುವುದಿಲ್ಲ. ಹೊರರಾಜ್ಯದವರು 10 ಅಥವಾ ಹೆಚ್ಚು ಮಂದಿಯಿದ್ದರೆ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಪ್ರಯಾಣ ಭತ್ಯೆಯೂ ಸೇರಿದಂತೆ ವಲಸೆ ಕಾರ್ಮಿಕರ ನಿಯಮಗಳು ನಿಮಗೆ ಅನ್ವಯಿಸುತ್ತವೆ. ಅವರನ್ನು ಕರೆತಂದವರು ಗುತ್ತಿಗೆದಾರರೆಂಬ ಕಾರಣಕ್ಕೆ ಪಿಎಫ್, ಇಎಸ್‌ಐ ಹೊಣೆ ನಿಮ್ಮ ಮೇಲಿಂದ ಪೂರ್ತಿ ಇಳಿಯುವುದಿಲ್ಲ.